ಧೂರ್ಜಟಿ ಸೋಮರ ಮನೆಯಲ್ಲಿ ಮೂರನೆಯ ದಿನ

ಕಣ್ಣು ಬಿಟ್ಟ ಕೂಡಲೇ ಶಿಪ್ರಾಳಿಗೆ ಅನ್ನಿಸಿದ್ದು, ಇವತ್ತು ಸಂಜೆಯವರೆಗೆ ಯಾರೂ ತನಗೆ ಏನನ್ನೂ ಹೇಳದಿದ್ದರೆ ಸಾಕು ಎಂದು. ಅದರ ಹಿಂದೆಯೇ, ಅರವತ್ತು ದಾಟಿದ ಹೆಂಗಸಿನ ಎದೆ ಹೀಗೆ ಡವಡವ ಹೊಡೆದುಕೊಳ್ಳುವುದು ಮರ್ಯಾದೆಯ ಲಕ್ಷಣವಲ್ಲ ಎಂದೂ ಅನ್ನಿಸಿತು. ಆದರೆ ಎದೆ ಕೇಳಬೇಕಲ್ಲ. ಸೊಳ್ಳೆಪರದೆ ಸರಿಸಿ, ಶಾಲು ಹೊದ್ದು ಕಿಟಕಿಗೆ ಬಂದು ನಿಂತಳು. ಕಲ್ಕತ್ತೆಯ ಪೌಷಮಾಸದ ಚಳಿಯ ಬೆಳಗು, ಒಲೆಯ ಹೊಗೆಯೂ ಮಂಜೂ ಬೆರೆತು ಗಲ್ಲಿಯ ತುಂಬ ನಿಂತಿತ್ತು. ಎದುರು ಮನೆಯ ಜಗಲಿಯ ಮೇಲೆ ಮಂಕಿ ಟೋಪಿ ತೊಟ್ಟ ಮುದುಕರು ಒಂದೇ ಪೇಪರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತ, ಓದದ ಹಾಳೆಯ ವಿಷಯಕ್ಕೂ ಜಗಳವಾಡುತ್ತಿದ್ದರು. ಅವರ ತಲೆಗಳ ಆಚೆ, ಹಸಿರು ಪಟ್ಟಿ ಕಿಟಕಿಗಳ ಆ ಮನೆ. ಧೂರ್ಜಟಿ ಸೋಮರ ಮನೆ. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳಿಸುತ್ತದೆ. ಅಷ್ಟು ಹತ್ತಿರ ತಾನು ಮಲಗಿ ಎದ್ದಿದ್ದೇನೆ ಎಂಬುದನ್ನು ಎರಡು ದಿನವಾದರೂ ನಂಬಲಾಗಿರಲಿಲ್ಲ.

ಧೂರ್ಜಟಿ ಸೋಮ ಎಂಬ ಮನುಷ್ಯ ಎಂದೂ ಹುಟ್ಟಿದವರಲ್ಲ. ಅನಾದಿನಾಥ ಪಾಲಿತ್ ಎಂಬ ಕಾದಂಬರಿಕಾರರ ತಲೆಯೊಳಗೆ ಹುಟ್ಟಿ, ಬಂಗಾಳದ ಮನೆಮನೆಯಲ್ಲಿ ಬೆಳೆದ ಪತ್ತೇದಾರ. ಆದರೂ ಈ ಗಲ್ಲಿಯಲ್ಲಿ ಅವರ ಮನೆ ಇದೆ, ಮನೆಯಲ್ಲಿ ಚಪ್ಪಲಿ ಇದೆ, ಛತ್ರಿ ಇದೆ, ಮಂಡಕ್ಕಿ ಡಬ್ಬ ಇದೆ, ಬಾಗಿಲಲ್ಲಿ ಟಿಕೆಟ್ ಹರಿಯುವವನೂ ಇದ್ದಾನೆ. ಅನಾದಿನಾಥರ ಕಟ್ಟಕಡೆಯ ಕಾದಂಬರಿ ಅಚ್ಚಾಗಿಲ್ಲ. ವರ್ಷಕ್ಕೊಮ್ಮೆ, ಮೂರು ಮಧ್ಯಾಹ್ನ, ಆ ಮನೆಯ ನಡುಮನೆಯಲ್ಲಿ ಅದನ್ನು ಓದುತ್ತಾರೆ. ಛತ್ರಿಯ ಹಿಡಿ ಮುಟ್ಟಿ, ಕೇಳಿದ್ದನ್ನು ಹೊರಗಿನವರಿಗೆ ಹೇಳುವುದಿಲ್ಲ ಎಂದು ಆಣೆ ಮಾಡಿದವರಿಗಷ್ಟೇ ಒಳಗೆ ಚಾಪೆ. ಬಾಯಿ ಮುಚ್ಚಿಕೊಂಡಿರುವ ಬಂಗಾಳಿಯನ್ನು ಭೂಮಿಯ ಮೇಲೆ ಕಂಡವರಿಲ್ಲ. ಹೀಗಿದ್ದೂ ಆ ಕಾದಂಬರಿಯಲ್ಲಿ ಕೊಂದವರು ಯಾರು ಎಂಬುದು ಇವತ್ತಿಗೂ ಹೊರಗೆ ಬಂದಿಲ್ಲ. ನಿನ್ನೆಯವರೆಗೆ ಕೇಳಿದ್ದು ಇಷ್ಟು: ಗಂಗೆಯ ದಡದ ದೊಡ್ಡ ಮನೆ, ರಾತ್ರಿ ಉಂಡು ಮಲಗಿದ ಯಜಮಾನ ಬೆಳಗ್ಗೆ ಏಳಲಿಲ್ಲ. ಮನೆಯಲ್ಲಿದ್ದವರು ಅವನ ತಮ್ಮ, ವಿಧವೆಯಾದ ಸೋದರತ್ತೆ, ಅಡಿಗೆಯವನು, ಮನೆಗೆ ಬಂದುಹೋಗುವ ವೈದ್ಯ. ಧೂರ್ಜಟಿ ಬಾಬು ಎಲ್ಲರಿಗೂ ತಮ್ಮ ಎಂದಿನ ಪ್ರಶ್ನೆಯನ್ನೇ ಕೇಳಿದ್ದರು: "ನಿನ್ನೆ ಊಟಕ್ಕೆ ಏನಿತ್ತು?" ಅಲ್ಲಿಗೆ ನಿನ್ನೆಯ ಓದು ನಿಂತಿತ್ತು. ಕೊಂದವರು ಯಾರೆಂದು ಶಿಪ್ರಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ಎಂಥ ಸುಖ. ಬೆಲ್ಲದ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಕರಗಿಸದೆ ಇದ್ದಂತೆ ಆ ಸುಖವನ್ನು ಇಡೀ ರಾತ್ರಿ ಇಟ್ಟುಕೊಂಡಿದ್ದಳು.

ಬಾಗಿಲು ತಟ್ಟಿದ ಸದ್ದಿಗೆ ತಿರುಗಿದರೆ, ಚಹಾ ಹಿಡಿದ ಪುತುಲ್. ಈ ಮನೆಯ ಒಡತಿ. ಮೇಲಿನ ಕೋಣೆಗಳನ್ನು ಓದು ಕೇಳಲು ಬರುವವರಿಗೆ ಬಾಡಿಗೆಗೆ ಕೊಡುತ್ತಾಳೆ. "ಮಾಶಿಮಾ, ನಿಮ್ಮ ಮೈದುನರ ಕಥೆ ಮುಗೀತು ನೋಡಿ," ಎಂದಳು ಒಂದು ತರಹದ ಉತ್ಸಾಹದಿಂದ. "ಬೆಳಗಿನ ಜಾವದಿಂದ ಚೊಂಬು ಹಿಡ್ಕೊಂಡು ಓಡಾಡ್ತಾನೇ ಇದ್ದಾರೆ. ನನ್ನ ಮನೆ ಅಡಿಗೆ ಮೇಲೆ ಹಾಕ್ಬೇಡಿ ಮತ್ತೆ. ನಿನ್ನೆ ಮೂಲೆ ಅಂಗಡೀಲಿ ಕಚೂರಿ ತಿಂದದ್ದನ್ನ ಗಲ್ಲಿಗೆ ಗಲ್ಲಿಯೇ ನೋಡಿದೆ."

ಪಕ್ಕದ ಕೋಣೆಯಲ್ಲಿ ಭೋಂಬಲ್ ರಜಾಯಿಯೊಳಗಿಂದ ಮಂಕಿ ಟೋಪಿಯ ಕಿಂಡಿ ಮಾತ್ರ ತೋರಿಸಿಕೊಂಡು ಮಲಗಿದ್ದ. ಶಾಲೆಯ ದಾಖಲೆಯಲ್ಲಿ ಅವನ ಹೆಸರು ಪ್ರದ್ಯೋತ್ ನಂದಿ. ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುವುದಿಲ್ಲ.

"ಸತ್ತೆ ಬೌದಿ!" ಎಂದ ಅತ್ತಿಗೆಯನ್ನು ಕಂಡ ಕೂಡಲೇ.

"ಎಷ್ಟು ಕಚೂರಿ ತಿಂದೆ, ಠಾಕುರ್‌ಪೋ?"

"ತಿನ್ನೋವಾಗ ಲೆಕ್ಕ ಇಡೋಕೆ ನಾನೇನು ಮಾರ್ವಾಡೀನಾ?"

"ಧೂರ್ಜಟಿ ಬಾಬು ಬಂದಿದ್ರೆ ನಿನ್ನೆ ಏನು ತಿಂದೆ ಅಂತ ನಿನ್ನ ಕೇಳ್ತಾನೇ ಇರ್ಲಿಲ್ಲ. ಮುಖ ನೋಡಿ ವಾಪಸ್ ಹೋಗ್ತಿದ್ರು."

"ನಗು, ನಗು. ಮುದುಕ ಸಾಯ್ತಿದ್ರೆ ನಿನಗೆ ನಗು." ಆಮೇಲೆ ದನಿ ತಗ್ಗಿಸಿ, "ಮಧ್ಯಾಹ್ನದೊಳಗೆ ಎದ್ದುಬಿಡ್ತೀನಿ. ಎದ್ದೇ ಏಳ್ತೀನಿ. ಕೊನೇ ದಿನ ತಪ್ಪಿಸ್ಕೊಳ್ಳೋನಲ್ಲ ನಾನು," ಎಂದ. ಎಂದವನೇ ಎದ್ದು ಚೊಂಬಿನತ್ತ ಓಡಿದ.

ಕೊನೆಯನ್ನು ತಪ್ಪಿಸಿಕೊಂಡವನೇ ಅಲ್ಲ ಅವನು, ಯಾವತ್ತೂ. ಶರತ್ಕಾಲ ಬಂತೆಂದರೆ ಕೃಷ್ಣನಗರದ ಅವಳ ಅತ್ತೆಮನೆಗೆ ಪತ್ರಿಕೆಯ ದುರ್ಗಾಪೂಜೆ ವಿಶೇಷಾಂಕ ಬರುತ್ತಿತ್ತು, ಅದರೊಳಗೆ ಧೂರ್ಜಟಿ ಸೋಮರ ಹೊಸ ಕಾದಂಬರಿ. ಇಡೀ ಮನೆಗೆ ಒಂದೇ ಪ್ರತಿ. ಮೊದಲು ಮಾವನವರು, ಶಾಯಿಯ ವಾಸನೆ ಆರುವ ಮುಂಚೆ. ಆಮೇಲೆ ಅವಳ ಗಂಡ ಹಿಮಾದ್ರಿ, ಹಾಸಿಗೆಯ ಮೇಲೆ ಬೆನ್ನು ತಿರುಗಿಸಿ ಮಲಗಿ. ಆಮೇಲೆ ಭೋಂಬಲ್, ಪಾಯಿಖಾನೆಗೂ ಹೊತ್ತುಕೊಂಡು ಹೋಗಿ. ಆಮೇಲೆ ಪಕ್ಕದ ಮನೆಯ ಗಂಡಸರು. ಹೆಂಗಸರ ಸರದಿ ಬರುವಷ್ಟರಲ್ಲಿ ರಟ್ಟು ಹರಿದು, ಹಾಳೆಗಳ ಮೇಲೆ ಸಾಸಿವೆಯೆಣ್ಣೆಯ ಬೆರಳಚ್ಚುಗಳು ಮೂಡಿರುತ್ತಿದ್ದವು. ಅದಕ್ಕೂ ಅವಳದೇನೂ ತಕರಾರಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಅವಳು ಅನ್ನ ಬಡಿಸಲು ಬಗ್ಗಿದಾಗ ಭೋಂಬಲ್ ಸೌಟಿನ ಹತ್ತಿರ ಬಾಯಿ ತಂದು, "ಬೌದಿ, ಕೊಂದವನು ಮಾಲಿ" ಎಂದುಬಿಡುತ್ತಿದ್ದ. ಎಲ್ಲರೂ ಹೋ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಹೊಸ ಸೊಸೆ ನಗದಿದ್ದರೆ ಆಗುತ್ತದೆಯೇ. ಮೊದಲ ವರ್ಷ ಉಗ್ರಾಣಕ್ಕೆ ಹೋಗಿ ಅತ್ತಿದ್ದಳು. ಇಂಥದಕ್ಕೆಲ್ಲ ಅಳುವುದು ಹುಚ್ಚು ಎಂದು ತನಗೆ ತಾನೇ ಬೈದುಕೊಂಡೂ ಅತ್ತಿದ್ದಳು. ಆಮೇಲಾಮೇಲೆ ಕೊಂದವರು ಯಾರೆಂದು ತಿಳಿದುಕೊಂಡೇ ಓದುವುದನ್ನು ಕಲಿತಳು. ಯಾರು ತಟ್ಟೆಯಲ್ಲಿ ಏನು ಬಿಟ್ಟರು, ಯಾರು ಎರಡನೆಯ ಸಲ ನೀರು ಕೇಳಿದರು ಎಂದು ಪುಟ ಪುಟದಲ್ಲೂ ನೋಡುತ್ತ ಹೋಗುವುದು. ಓದುವ ರೀತಿಯೇ ನೋಡುವ ರೀತಿಯಾಗಿಬಿಟ್ಟಿತು. ತವರಿನ ಸುದ್ದಿ, ಮಗಳ ಪರೀಕ್ಷೆಯ ಫಲಿತಾಂಶ, ಓಣಿಯ ಮದುವೆಗಳು, ಎಲ್ಲವೂ ಭೋಂಬಲ್‌ನ ಬಾಯಿಂದ ತುದಿಯಿಂದ ಮೊದಲಾಗಿ ಬರುತ್ತಿದ್ದವು. ಬಾಲ ಹಿಡಿದುಕೊಂಡು ಹಸುವಿನ ಮುಖ ಯಾವುದೆಂದು ಊಹಿಸುತ್ತ ಕೂರುವುದೇ ಅವಳ ಸಂಸಾರವಾಗಿತ್ತು.

ಮೂಲೆಯ ದವಾಖಾನೆಯಿಂದ ಪುತುಲ್ ಕರೆಸಿದ ಡಾಕ್ಟರು ಮೀಸೆ ಈಗಷ್ಟೇ ಗಟ್ಟಿಯಾಗುತ್ತಿದ್ದವನು. ಭೋಂಬಲ್‌ನ ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ತಟ್ಟಿ, ಕಿವಿಗೊಟ್ಟು ಕೇಳಿ, ಏನೂ ಹೇಳದೆ ಎದ್ದ. ಬಾಗಿಲವರೆಗೆ ಬಿಡಲು ಹೋದ ಶಿಪ್ರಾಳಿಗೆ ಮೆಲ್ಲಗೆ, "ಏನಿಲ್ಲ ಮಾಶಿಮಾ, ಬರೀ ಗ್ಯಾಸ್. ಎರಡು ದಿನ ಕರಿದದ್ದು ಕೊಡಬೇಡಿ. ಅವರೆದುರಿಗೆ ಹೇಳಿದ್ರೆ ಸಂಜೆಗೇ ಮತ್ತೆ ಕಚೂರಿ ಅಂಗಡಿಗೆ ಹೋಗ್ತಾರೆ, ಸ್ವಲ್ಪ ಹೆದರಿಕೊಂಡೇ ಇರಲಿ," ಎಂದು ನಕ್ಕ. ಶಿಪ್ರಾ ನಗಲಿಲ್ಲ. ಬಾಗಿಲ ಅಗುಳಿಯನ್ನು ಹಿಡಿದುಕೊಂಡಳು. ಏನಿಲ್ಲ ಬೌದಿ, ಬರೀ ಗ್ಯಾಸ್. ಹನ್ನೊಂದು ವರ್ಷದ ಹಿಂದೆ, ಕೃಷ್ಣನಗರದ ಮನೆಯ ಮೆಟ್ಟಿಲ ಹತ್ತಿರ, ಹಿಮಾದ್ರಿಯ ಬಗ್ಗೆ ಕೇಳಿದ ಮಾತು. ಭೋಂಬಲ್ ಕೈಯಲ್ಲಿದ್ದ ಆಸ್ಪತ್ರೆಯ ದೊಡ್ಡ ಲಕೋಟೆಯನ್ನು ಬೆನ್ನಿನ ಹಿಂದೆ ಹಿಡಿದು, ಅವಳ ಮುಖ ನೋಡದೆ, ಅವಳ ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ್ದ. ಆ ಮನೆಯಲ್ಲಿ ಯಾವ ಗುಟ್ಟನ್ನೂ ಒಂದು ಊಟದ ಹೊತ್ತು ಇಟ್ಟುಕೊಳ್ಳಲಾರದವನು. ಅವನು ಹೇಳಿದ್ದೆಂದು ನಂಬಿದಳು. ಎದುರಿನ ಹಾಸಿಗೆಯಲ್ಲಿ ಹಿಮಾದ್ರಿ ದಿನದಿನಕ್ಕೆ ಹಳದಿಯಾಗುತ್ತಿದ್ದ. ಮೀನಿನ ತಲೆಯನ್ನು, ಯಾರಿಗೂ ಬಿಟ್ಟುಕೊಡದ ಆ ಮೀನಿನ ತಲೆಯನ್ನು, ತಮ್ಮನ ತಟ್ಟೆಗೆ ಸರಿಸುತ್ತಿದ್ದ. ಅವಳು ಅದನ್ನು ನೋಡಿದಳು. ವಯಸ್ಸಾಯಿತು, ದೊಡ್ಡಮನಸ್ಸು ಬಂತು ಎಂದುಕೊಂಡಳು. ಅನಾದಿನಾಥರ ಅಷ್ಟೂ ಕಾದಂಬರಿಗಳನ್ನು ಅರೆದು ಕುಡಿದ ಹೆಂಗಸು, ಕಣ್ಣೆದುರಿನ ಒಂದು ತಟ್ಟೆಯನ್ನು ಓದಲಿಲ್ಲ.

ಆ ಶರತ್ತಿನಲ್ಲಿ ವಿಶೇಷಾಂಕ ಮೊದಲು ಅವಳ ಕೈಗೇ ಬಂತು. ಹಿಮಾದ್ರಿಗೆ ಓದಲು ಆಯಾಸ, ಭೋಂಬಲ್ ಬೇಡವೆಂದ. ಊಟದ ಹೊತ್ತಿನಲ್ಲಿ ಯಾರೂ ಏನೂ ಹೇಳಲಿಲ್ಲ. ಅವಳು ಮಾಳಿಗೆಯ ಮೇಲೆ, ಒಣಹಾಕಿದ ಬೇಳೆಸಂಡಿಗೆಗಳ ಪಕ್ಕ, ಜೀವನದಲ್ಲಿ ಮೊದಲ ಸಲ ಕೊನೆ ಗೊತ್ತಿಲ್ಲದ ಕಥೆ ಓದಿದಳು. ಕೆಳಗಿಂದ ನೀರು ಎಂದು ಕೂಗಿದ್ದು ಕೇಳಿಸಿದರೂ ಇನ್ನೊಂದು ಪುಟ, ಇನ್ನೊಂದೇ ಪುಟ ಎಂದುಕೊಂಡು ತಡವಾಗಿ ಇಳಿದದ್ದುಂಟು. ಕಾಳಿಪೂಜೆಯ ದೀಪ ಹಚ್ಚುವ ಮುಂಚೆ ಹಿಮಾದ್ರಿ ಹೋದ. ಆಮೇಲೆ ತಿಳಿಯಿತು, ಅವನು ಉಳಿಯುವುದಿಲ್ಲವೆಂದು ಮನೆಯ ಗಂಡಸರಿಗೆಲ್ಲ ಎರಡು ತಿಂಗಳಿಂದ ಗೊತ್ತಿತ್ತು. ಪ್ರತಿಯೊಂದು ಕಥೆಯ ಕೊನೆಯನ್ನೂ ಅವಳ ತಟ್ಟೆಗೆ ಬಡಿಸಿದವನು ಇದೊಂದನ್ನು ಮಾತ್ರ ಬಚ್ಚಿಟ್ಟಿದ್ದ. ಹನ್ನೊಂದು ವರ್ಷದಿಂದ ಅತ್ತಿಗೆ ಮೈದುನ ಟಿ.ವಿ. ಚಾನೆಲ್ಲಿಗೆ, ನಲ್ಲಿಯ ನೀರಿಗೆ, ಬೆಕ್ಕಿಗೆ ಹಾಲು ಹಾಕಿದ್ದಕ್ಕೆ ಜಗಳವಾಡಿದ್ದಾರೆ. ಇದಕ್ಕೆ ಆಡಿಲ್ಲ. ಈ ಓದಿಗೆ ಇಬ್ಬರಿಗೂ ಜಾಗ ಸಿಕ್ಕಿದೆ ಎಂದು ಅವನು ಕುಣಿದುಕೊಂಡು ಬಂದು ಹೇಳಿದ ದಿನ ಅವಳೂ ಕುಣಿಯುವುದೊಂದು ಬಾಕಿ. ರಾತ್ರಿ ಮಾತ್ರ, ಇದನ್ನೂ ನನಗೆ ಮುಂಚೆ ಹೇಳಿ ಹಾಳು ಮಾಡಿದರೆ ಈ ಸಲ ಕ್ಷಮಿಸುವುದಿಲ್ಲ ಎಂದು ಯೋಚಿಸುತ್ತ ಮಲಗಿದ್ದಳು. ಈ ಸಲ ಎಂದರೆ, ಇನ್ನೊಂದು ಸಲದ್ದನ್ನು ಕ್ಷಮಿಸಿದ್ದಾಳೆಯೇ? ಆ ಪ್ರಶ್ನೆಗೆ ಮಗ್ಗುಲು ಬದಲಿಸಿದ್ದಳು.

ಊಟಕ್ಕೆ ಕೆಳಗಿಳಿದರೆ ಪುತುಲ್ ಕೇಳದೆಯೇ ಅವಳ ಮುಂದೆ ಬಾಳೆಹೂವಿನ ಪಲ್ಯ, ಬೇಳೆ, ಗಸಗಸೆಯ ಆಲೂಗಡ್ಡೆ ಇಟ್ಟಳು. ಪಕ್ಕದ ಮೇಜಿನ ದಂಪತಿಗಳಿಗೆ ಸಾಸಿವೆ ಹಾಕಿದ ಮೀನು. ಮೊದಲ ದಿನವೂ ಹೀಗೇ ಆಗಿತ್ತು. ಬಳೆಯಿಲ್ಲದ ಕೈಯನ್ನೂ ಬಿಳಿಯ ಬೈತಲೆಯನ್ನೂ ಒಂದೇ ನೋಟದಲ್ಲಿ ಓದಿ ಪುತುಲ್ ತಟ್ಟೆ ನಿರ್ಧರಿಸಿದ್ದಳು. ಆಗ ಭೋಂಬಲ್ ಎದ್ದು ನಿಂತು, "ಬೌದಿಗೆ ಮೀನೆಲ್ಲಿ? ನಮ್ಮ ಮನೇಲಿ ಆ ಪದ್ಧತಿ ಇಲ್ಲ!" ಎಂದು ಕೂಗಿ, ಎಲ್ಲರೂ ತಿರುಗಿ ಅವಳ ಕೈ ನೋಡುವಂತೆ ಮಾಡಿದ್ದ. ವಿಧವೆ ಮೀನು ಮುಟ್ಟಬಾರದೆಂಬ ಪದ್ಧತಿ ಇತ್ತು. ಅವಳೇ ಎರಡು ವರ್ಷವಾದ ಮೇಲೆ ಒಂದು ದಿನ ತಾನಾಗಿ ತಿಂದು ಮುರಿದಿದ್ದಳು. ತಟ್ಟೆಗಿಂತ ಆ ಕೂಗಿನಿಂದಲೇ ಹೆಚ್ಚು ಅವಮಾನವಾಗಿತ್ತು. ಇವತ್ತು ಅವನಿಲ್ಲ. ಎದೆಯ ಡವಡವಕ್ಕೆ ಧೈರ್ಯವೂ ಬೆರೆತಿರಬೇಕು, "ಪುತುಲ್, ನನಗೂ ಮೀನು ಹಾಕಮ್ಮ. ಬಾಲದ ತುಂಡು ಬೇಡ, ಹೊಟ್ಟೆಯದು," ಎಂದಳು. ಪುತುಲ್ ನಾಲಿಗೆ ಕಚ್ಚಿಕೊಂಡು ಓಡಿದಳು. ಶಿಪ್ರಾ ಮುಳ್ಳು ಬಿಡಿಸುತ್ತ, ಗಡಿಯಾರ ನೋಡುತ್ತ, ಬೇಗ ಬೇಗ ಉಂಡಳು.

ಹೊರಡುವ ಮುಂಚೆ ಭೋಂಬಲ್‌ನ ಕೋಣೆಗೆ ಇಣುಕಿದಳು.

"ಹೋಗ್ತೀಯಾ?" ಎಂದ ಅವನು.

"ನೀನು ಹೇಳು, ಇರ್ತೀನಿ."

"ಥೂ, ಇರ್ತಾಳಂತೆ. ಕಾಲಿಗೆ ಆಗ್ಲೇ ಚಪ್ಪಲಿ ಇದೆ. ಹೋಗು. ಬಂದು ನನಗೆ ಹೇಳು, ಯಾರು ಅಂತ."

"ಆಣೆ ಇದೆಯಲ್ಲ."

"ನಾನೂ ಆಣೆ ಮಾಡಿದೋನೇ. ಒಬ್ಬ ಕಳ್ಳ ಇನ್ನೊಬ್ಬ ಕಳ್ಳನಿಗೆ ಹೇಳಿದ್ರೆ ತಪ್ಪಾ?"

"ಮೂರನೇ ದಿನ ಬರದವರು ಹೊರಗಿನವರು ಅಂತ ಕಥೆ ಓದೋ ಅನಂಗ ಬಾಬು ಮೊದಲೇ ಹೇಳಿದಾರೆ."

"ಅನಂಗ ಬಾಬು ನಿನ್ನ ಮೈದುನಾನಾ, ನಾನಾ?" ಎಂದು ಗೋಡೆಯ ಕಡೆ ತಿರುಗಿದ. ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಕಾಲುಗಳ ಮೇಲೆಯೇ ನಾಚಿಕೆಯಾಯಿತು. ಒಬ್ಬ ಮಲಗಿದ್ದಾನೆ, ನಾನು ಕಥೆಗೆ ಹೊರಟಿದ್ದೇನೆ, ಮತ್ತೆ ಅದೇ. ನಾಚಿಕೆಯಾದರೂ ಕಾಲುಗಳು ಒಂದೊಂದು ಮೆಟ್ಟಿಲು ಬಿಟ್ಟೇ ಇಳಿಯುತ್ತಿದ್ದವು.

ಮನೆಯೊಳಗೆ ನೆಲ ಒರೆಸಿದ ಫಿನಾಯಿಲ್ ವಾಸನೆ, ಹಳೆಯ ಪುಸ್ತಕದ ವಾಸನೆ. ಗಾಜಿನ ಹಿಂದೆ ಧೂರ್ಜಟಿ ಬಾಬುಗಳ ಚಪ್ಪಲಿ. ಕಾದಂಬರಿಗಳಲ್ಲಿ ಬರೆದಂತೆಯೇ ಎಡಗಡೆಯ ಹಿಮ್ಮಡಿ ಮಾತ್ರ ಸವೆದಿದೆ. ಇಲ್ಲದ ಮನುಷ್ಯನ ಚಪ್ಪಲಿಯನ್ನು ಸವೆಸಿದವರು ಯಾರು? ಯಾರೋ ಒಬ್ಬ ಇರುವ ಮನುಷ್ಯ, ಬೇಕೆಂದೇ ಎಡಗಾಲಿನ ಮೇಲೆ ಭಾರ ಹಾಕಿಕೊಂಡು, ತಿಂಗಳುಗಟ್ಟಲೆ ಇದೇ ನೆಲದ ಮೇಲೆ ಓಡಾಡಿರಬೇಕು. ಆ ಯಾರೋ ಒಬ್ಬನ ಮೇಲೆ ಅವಳಿಗೆ ಸಟ್ಟನೆ ಪ್ರೀತಿ ಉಕ್ಕಿತು. ನಡುಮನೆಯಲ್ಲಿ ಚಾಪೆಗಳು ತುಂಬಿದ್ದವು. ಎಲ್ಲರ ಮುಖದಲ್ಲೂ ಮದುವೆಮನೆಯಲ್ಲಿ ಎಲೆ ಹಾಕುವುದನ್ನು ಕಾಯುವವರ ಕಳೆ. ಅನಂಗ ಬಾಬು ಈ ಮನೆಯ ಕಾರ್ಯದರ್ಶಿ, ಕಂಚಿನ ದನಿ. ಹೊರಬಾಗಿಲಿಗೆ ಚಿಲಕ ಹಾಕಿಸಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡರು.

ಓದಿದರು. ಕೇಳಿದಳು. ಹೇಗೆ ಕೇಳಿದಳೆಂದರೆ, ಕೈಯಲ್ಲಿದ್ದ ಕರವಸ್ತ್ರ ಉಂಡೆಯಾಗಿ ಬೆವರಿನಲ್ಲಿ ನೆನೆದದ್ದು ತಿಳಿಯಲಿಲ್ಲ. ತಮ್ಮ ಹೇಳಿದ: ರೊಟ್ಟಿ, ಬದನೆಕಾಯಿ. ಅಡಿಗೆಯವನು ಹೇಳಿದ: ಉಳಿದದ್ದು, ಬಾಬು, ಎಲ್ಲರದೂ ಉಳಿದದ್ದು. ಸೋದರತ್ತೆ ಹೇಳಿದಳು: ನನ್ನದೇನು ಊಟ ಮಗನೇ, ವಿಧವೆಯ ಸಪ್ಪೆ ಹಬಿಷ್ಯಾನ್ನ, ತುಪ್ಪ, ಆ ಹಿಲ್ಸಾ ಮೀನಲ್ಲಿ ಅವತ್ತು ಬರೀ ಮುಳ್ಳು, ಪಾಪ ನನ್ನ ಹುಡುಗ ಏನು ತಿಂದನೋ. ಶಿಪ್ರಾಳ ಬೆನ್ನು ನೆಟ್ಟಗಾಯಿತು. ಧೂರ್ಜಟಿ ಬಾಬು ಮಂಡಕ್ಕಿ ಮುಕ್ಕುತ್ತ ಕೋಣೆಯ ಉದ್ದಕ್ಕೂ ನಡೆದರು. "ಕೊಂದವರು ಒಬ್ಬರು," ಎಂದರು, "ಗೊತ್ತಿದ್ದೂ ಸುಮ್ಮನಿದ್ದವರು ಇನ್ನೊಬ್ಬರು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶಿಪ್ರಾ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡಳು. ಯಾಕೆ ಎಳೆದುಕೊಂಡೆ? ಸುಮ್ಮನಿದ್ದವನು ಭೋಂಬಲ್, ನಾನಲ್ಲ. ಮೀನಿನ ತಲೆ ನೋಡಿದವಳು ಯಾರು ಹಾಗಾದರೆ? ಗೊತ್ತಾಗಬಾರದೆಂದು ಪುಸ್ತಕದೊಳಗೆ ಮುಖ ಹುದುಗಿಸಿದ್ದೆಯೇನು, ಆ ಮಾಳಿಗೆಯ ಮೇಲೆ? ಅನಂಗ ಬಾಬುಗಳ ದನಿ ಅವಳನ್ನು ಮತ್ತೆ ಎಳೆದುಕೊಂಡಿತು. ಎಲ್ಲರೂ ಹಜಾರದಲ್ಲಿ ಸೇರಿದ್ದಾರೆ. ಗಂಗೆಯ ಮೇಲೆ ಸ್ಟೀಮರ್ ಕೂಗಿತು. "ಧೂರ್ಜಟಿ ಬಾಬು ಎದ್ದು ನಿಂತರು. ಛತ್ರಿಯನ್ನು ಮೆಲ್ಲಗೆ ಮೇಲೆತ್ತಿ,"

ಅನಂಗ ಬಾಬು ಕನ್ನಡಕ ತೆಗೆದರು.

ಅವರು ಹಾಳೆಯನ್ನು ಎಲ್ಲರ ಕಡೆ ತಿರುಗಿಸಿ ಹಿಡಿದರು. ಅರ್ಧ ಹಾಳೆ ಖಾಲಿ. "ಇಷ್ಟೇ," ಎಂದರು. "ಇಲ್ಲಿಗೆ ಅನಾದಿನಾಥರ ಕೈ ನಿಂತಿತು. ಇಷ್ಟು ವರ್ಷದಿಂದ ಈ ಗಲ್ಲಿ ಕಾಪಾಡ್ಕೊಂಡು ಬಂದಿರೋ ಗುಟ್ಟು ಇದು. ಕೊನೆ ಏನು ಅನ್ನೋದಲ್ಲ, ಕೊನೆ ಇಲ್ಲ ಅನ್ನೋದು. ಇವತ್ತಿಂದ ನೀವೂ ಇದರ ಕಾವಲುಗಾರರು."

ನಡುಮನೆ ಸಂತೆಯಾಯಿತು. "ಮೋಸ! ಹಗಲು ದರೋಡೆ!" ಎಂದು ಹಿಂದೆ ಒಬ್ಬರು ಕೂಗಿದರು. "ತಮ್ಮನೇ, ತಮ್ಮನಲ್ಲದೆ ಇನ್ಯಾರು?" ಎಂದು ಇನ್ನೊಬ್ಬರು. "ನಿಮ್ಮ ತಲೆ! ವೈದ್ಯ. ಮೂರನೇ ಅಧ್ಯಾಯದಲ್ಲಿ ಕೈ ತೊಳ್ಕೊಂಡಿಲ್ಲ ಅವನು." ಹೊಸ ಬೆಲ್ಲದ ಸಂದೇಶ್ ಮಿಠಾಯಿ ಬಂತು, ಚಹಾ ಬಂತು, ಸಂದೇಶ್ ಹಿಡಿದ ಕೈಗಳು ಗಾಳಿಯಲ್ಲಿ ವಾದ ಮಾಡಿದವು. ಶಿಪ್ರಾಳ ಬಾಯಿಂದ ಮಾತು ತಾನಾಗಿಯೇ ಬಂತು. "ಸೋದರತ್ತೆ," ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು. "ಮೀನು ಮುಟ್ಟದವಳಿಗೆ ಅದರಲ್ಲಿ ಮುಳ್ಳು ಜಾಸ್ತಿ ಅಂತ ಹೇಗೆ ಗೊತ್ತು? ಅವನ ತಟ್ಟೆಯಿಂದ ತಿಂದು ನೋಡಿದಾಳೆ. ಯಾವ ತುಂಡಿಗೆ ವಿಷ ಹಾಕಬೇಕು, ಎಷ್ಟು ಹಾಕಿದ್ರೆ ರುಚಿ ಗೊತ್ತಾಗಲ್ಲ ಅಂತ."

ಸಂತೆ ನಿಂತಿತು. "ಅಡಿಗೆಯವನು ಹೇಳಿರಬಹುದಲ್ಲ," ಎಂದು ತಮ್ಮನ ಪಕ್ಷದವರು ಗೊಣಗಿದರು. ಆದರೆ ದನಿಯಲ್ಲಿ ಜೀವವಿರಲಿಲ್ಲ. ಅನಂಗ ಬಾಬು ಅವಳ ತಟ್ಟೆಗೆ ಇನ್ನೊಂದು ಸಂದೇಶ್ ಹಾಕಿದರು. ಶಿಪ್ರಾಳಿಗೆ ಹೇಳಲಾರದಷ್ಟು ಖುಷಿಯಾಯಿತು. ಯಾರೂ ಹೇಳಿದ್ದಲ್ಲ, ಯಾರೂ ಹೇಳಲಾಗದ್ದು, ತಾನೇ ಹಿಡಿದದ್ದು. ಓಡಿಹೋಗಿ ಭೋಂಬಲ್‌ನ ಕಿವಿಯಲ್ಲಿ ಹೇಳಬೇಕು. ಹೇಳುವ ಹಾಗಿಲ್ಲ ಎಂಬುದು ಹೊಸ್ತಿಲು ದಾಟುವಾಗ ನೆನಪಾಯಿತು. ಕೊಂದವಳು ಸೋದರತ್ತೆ ಎಂದರೆ ಸುಳ್ಳು ಹೇಳಿದಂತೆ, ಕೊನೆಯೇ ಇಲ್ಲ ಎಂದರೆ ಆಣೆ ಮುರಿದಂತೆ.

ಭೋಂಬಲ್ ಪಕ್ಕದ ಮನೆಯ ಜಗಲಿಯ ಮೇಲೆ ಕೂತಿದ್ದ. ಮಂಕಿ ಟೋಪಿ, ಎರಡು ಶಾಲು, ತೊಡೆಯ ಮೇಲೆ ಬಾರ್ಲಿ ನೀರಿನ ಬಾಟಲಿ. ಬೀದಿದೀಪ ಆಗತಾನೇ ಹತ್ತಿತ್ತು.

"ಎದ್ದು ಬಂದೆ ನೋಡು. ಬಾಗಿಲು ತಟ್ಟಿದ್ರೆ ಆ ಟಿಕೆಟ್ ಮನುಷ್ಯ ಕಿಂಡಿಯಿಂದ, ಕೊಲೆಗಾರ ಒಳಗಿದಾನೆ, ತೆಗೆಯೋಕಾಗಲ್ಲ ಅಂದ, ಹಂದಿ! ಬಾ, ಕೂತ್ಕೋ. ಹೇಳು ಈಗ. ತಮ್ಮ ತಾನೇ?"

ಶಿಪ್ರಾ ಕೂತು ಸೆರಗು ಸರಿಮಾಡಿಕೊಂಡಳು.

"ವೈದ್ಯ? ಅಡಿಗೆಯವನು? ಅಯ್ಯೋ ಹೇಳೇ ಮಾರಾಯ್ತಿ, ಪ್ರಾಣ ಹೋಗ್ತಾ ಇದೆ."

ಅವಳಿಗೆ ಮೊದಮೊದಲು ಹಿತವಾಗಿತ್ತು. ಇಷ್ಟು ವರ್ಷ ನನ್ನ ಕೈಯಲ್ಲಿ ಸೌಟಿತ್ತು, ನಿನ್ನ ಬಾಯಲ್ಲಿ ಕೊನೆ ಇತ್ತು, ಈಗ ಕಾಯಿ. ನಗು ತಡೆದುಕೊಂಡು ಗಲ್ಲಿಯ ತುದಿಯ ಕಡೆ ನೋಡುತ್ತ ಕೂತಳು. ಭೋಂಬಲ್ ಇನ್ನೆರಡು ಹೆಸರು ಹೇಳಿದ. ಆಮೇಲೆ ಹೇಳುವುದನ್ನು ನಿಲ್ಲಿಸಿದ. ಮಂಕಿ ಟೋಪಿಯ ಕಿಂಡಿಯಿಂದ ಅವಳ ಮುಖವನ್ನೇ ನೋಡತೊಡಗಿದ.

"ಬೌದಿ, ಯಾಕೆ ಹೇಳ್ತಾ ಇಲ್ಲ?"

ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು.

"ಆ ಡಾಕ್ಟರ್ ಬಾಗಿಲ ಹತ್ರ ನಿನಗೇನು ಹೇಳಿದ?"

"ಏನಿಲ್ಲ. ಬರೀ ಗ್ಯಾಸ್ ಅಂದ."

ಭೋಂಬಲ್ ಬಾಟಲಿಯನ್ನು ಪಕ್ಕಕ್ಕಿಟ್ಟ. ತುಟಿ ಒಣಗಿದಂತೆ ಎರಡು ಸಲ ನೆಕ್ಕಿಕೊಂಡ. "ನಿಜ ಹೇಳು," ಎಂದ. "ಗ್ಯಾಸ್ ಅಂತ ನಾನೇ ನಿನಗೆ ಹೇಳಿದ್ದೆ, ಬೌದಿ."

ಹನ್ನೊಂದು ವರ್ಷದಿಂದ ಇಬ್ಬರೂ ಸುತ್ತು ಹಾಕಿ ದಾಟುತ್ತಿದ್ದ ಮಾತು, ಹೀಗೆ, ಹೆದರಿದ ಮುದುಕನ ಬಾಯಿಂದ ಜಗಲಿಯ ಮೇಲೆ ಬಿದ್ದಿತು. ಟ್ರಾಮಿನ ಗಂಟೆ ದೊಡ್ಡ ರಸ್ತೆಯಲ್ಲಿ ಹಾದುಹೋಯಿತು. ಶಿಪ್ರಾಳಿಗೆ ಸಿಟ್ಟು ಬಂತು, ಸಿಟ್ಟಿನೊಂದಿಗೆ ಎಂಥದೋ ಬಿಡುಗಡೆಯೂ ಬಂತು.

"ನನಗೆ ಹೇಳಬಹುದಿತ್ತು," ಎಂದಳು.

"ಹೇಳಬಹುದಿತ್ತು."

"ಮಾಲಿ, ಮುನೀಮ, ಎರಡನೇ ಹೆಂಡತಿ, ಎಲ್ಲಾ ಹೇಳಿದೆ. ಅನ್ನ ಬಡಿಸೋಕೂ ಬಿಡದೆ ಹೇಳಿದೆ. ಇದೊಂದನ್ನ ಹೇಳ್ಲಿಲ್ಲ. ನಾನು ಮೇಲೆ ಕೂತು ಕಥೆ ಓದ್ತಿದ್ದೆ, ಠಾಕುರ್‌ಪೋ. ಅವರು ಕೆಳಗೆ ಸಾಯ್ತಿದ್ರು, ನಾನು ಕಥೆ ಓದ್ತಿದ್ದೆ."

"ದಾದಾನೇ, ಅಣ್ಣನೇ ಬೇಡ ಅಂದ." ಭೋಂಬಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೋಳುತಲೆ ಚಳಿಗೆ ಚಿಕ್ಕದಾಗಿ ಕಂಡಿತು. "ಆಸ್ಪತ್ರೆಯಿಂದ ಬಂದ ದಿನವೇ. ಪುಸ್ತಕ ಆಗಷ್ಟೇ ಬಂದಿತ್ತು, ದಿಂಬಿನ ಪಕ್ಕ ಇತ್ತು. 'ಮೊದಲು ಅವಳಿಗೆ ಕೊಡು,' ಅಂದ. 'ನೀನು ಮುಟ್ಟಬೇಡ. ಈ ಸಲ ಅವಳಿಗೆ ಯಾರೂ ಏನನ್ನೂ ಮುಂಚೆ ಹೇಳಕೂಡದು. ಪುಸ್ತಕದ್ದೂ, ನನ್ನದೂ.' ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡ. ನೀನು ಮೇಲೆ ಓದ್ತಾ ಓಡಾಡ್ತಿದ್ದೆಯಲ್ಲ, ಆ ಸದ್ದು ಕೇಳ್ತಾ ಮಲಗಿರ್ತಿದ್ದ. ನೀರಿಗೆ ಕೂಗಿ, ನೀನು ಇನ್ನೇನು ಇಳೀತೀಯ ಅನ್ನೋವಾಗ, 'ಬೇಡ ಬೇಡ, ನೀನೇ ಕೊಡು, ಓದ್ಲಿ,' ಅಂತಿದ್ದ."

ಶಿಪ್ರಾ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡಷ್ಟೂ ಒದ್ದೆಯಾಗುತ್ತಿತ್ತು. ಮುದುಕರಿಬ್ಬರು ಅವರನ್ನೇ ನೋಡುತ್ತ ದಾಟಿ ಹೋದರು. ನೋಡಲಿ ಎಂದುಕೊಂಡಳು.

"ನಿನಗೆ ಗ್ಯಾಸೇ," ಎಂದಳು ಕೊನೆಗೆ. "ಅವರ ಆಣೆ, ನನ್ನ ಮಗಳ ಆಣೆ, ಬರೀ ಗ್ಯಾಸ್. ನಿನ್ನ ಹೆದರಿಸಿ ಇಡೋಕೆ ಹೇಳಿದ ಆ ಹುಡುಗ."

ಭೋಂಬಲ್ ದೊಡ್ಡದಾಗಿ ಉಸಿರು ಬಿಟ್ಟು ಗೋಡೆಗೆ ಒರಗಿದ. ಯಾರು ಕೊಂದದ್ದು ಎಂದು ಮತ್ತೆ ಕೇಳಲಿಲ್ಲ. ಶಿಪ್ರಾಳಿಗೆ ಈಗ ಒಂದೇ ಒಂದು ಕೇಳಬೇಕಿತ್ತು, ಕೇಳಲು ಹುಡುಗಿಯಂತೆ ನಾಚಿಕೆಯಾಗುತ್ತಿತ್ತು, ಆದರೂ ಕೇಳಿದಳು.

"ಅವತ್ತು ಪುಸ್ತಕ ಮುಗಿದಾಗ ನಾನು ಮೇಲಿಂದ ಕೂಗಿದ್ದೆ. ಕೊಂದವನು ನಾನು ಅಂದ್ಕೊಂಡವನೇ ಆಗಿದ್ದ. ಸಿಕ್ಕಿದ, ಸಿಕ್ಕಿದ ಅಂತ ಹುಚ್ಚಿ ಹಾಗೆ ಕೂಗಿದ್ದೆ. ಅವರಿಗೆ ಕೇಳಿಸ್ತಾ?"

"ಕೇಳಿಸ್ದೆ ಏನು, ಓಣಿಗೆಲ್ಲ ಕೇಳಿಸ್ತು," ಎಂದ ಭೋಂಬಲ್. "ನನ್ನ ಕೈ ಹಿಡ್ಕೊಂಡು, 'ನೋಡಿದ್ಯಾ, ಯಾರೂ ಹೇಳದೇನೇ ಹಿಡಿದಳು,' ಅಂದ. ನಗ್ತಾ ಇದ್ದ, ಬೌದಿ. ನನಗಿಂತ ಜೋರಾಗಿ ನಗ್ತಾ ಇದ್ದ."